ಪ್ರತಿಕ್ರಿಯೆ: ಇಂಜೆಕ್ಷನ್ ನಿಲ್ಲಿಸಿ ಮಾತ್ರೆ ಕೊಟ್ಟಿದ್ದು ಯಾಕೆ?
ಮೂರನೇ ದಿನ ಅಪ್ಪನಿಗೆ ಮೆರೊಪೆನೆಮ್ ಅನ್ನೋ ಆಂಟಿಬಯೋಟಿಕ್ ಇಂಜೆಕ್ಷನ್ ನಿಲ್ಲಿಸಿ ಅಮಾಕ್ಸಿಸಿಲಿನ್ ಮಾತ್ರೆ ಕೊಟ್ಟರು, ಕೇಳಿದರೆ 'ಡಬ್ಲ್ಯುಎಚ್‌ಒ ಪಟ್ಟಿ' ಅಂದರು, ಇದು ದುಡ್ಡು ಉಳಿಸೋ ಆಟವಾ ಅಂತ ಕೇಳಿದ್ದೀರಿ. ಹಾಗಿರಲಿಕ್ಕಿಲ್ಲ. ಕಲ್ಚರ್ ರಿಪೋರ್ಟ್ (ರೋಗಿಯ ಸ್ಯಾಂಪಲ್‌ನಲ್ಲಿರೋ ಬ್ಯಾಕ್ಟೀರಿಯಾ ಬೆಳೆಸಿ, ಅದಕ್ಕೆ ಯಾವ ಔಷಧಿ ನಾಟುತ್ತೆ ಅಂತ ನೋಡೋ ಪರೀಕ್ಷೆಯದು) ಬರಲು ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಿರಲ್ಲ, ಅದಕ್ಕೇ ದೊಡ್ಡ ಬಲೆ ಬೀಸುತ್ತಾರೆ, ಅಂದರೆ ಮೆರೊಪೆನೆಮ್‌ನಂಥ, ಹಲವು ಬಗೆಯ ಬ್ಯಾಕ್ಟೀರಿಯಾಕ್ಕೆ ನಾಟೋ ಔಷಧಿ ಕೊಡುತ್ತಾರೆ. ರಿಪೋರ್ಟಿನಲ್ಲಿ ಸಾದಾ ಔಷಧಿಯ ಎದುರು 'ಎಸ್' (ಸಸೆಪ್ಟಿಬಲ್, ಅಂದರೆ ಆ ಔಷಧಿ ಈ ಬ್ಯಾಕ್ಟೀರಿಯಾಕ್ಕೆ ನಾಟುತ್ತೆ) ಅಂತಿದ್ದರೆ ಎಷ್ಟೋ ಸಲ ಅದೇ ಸಾಕು.

ಇನ್ನು ಆ ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಪಟ್ಟಿ ಆಂಟಿಬಯೋಟಿಕ್‌ಗಳದು, ಮೊದಲು ಬಂದದ್ದು 2017ರಲ್ಲಿ, ಹೆಸರು ಅವೇರ್. ಅಕ್ಸೆಸ್ (ಸಾಮಾನ್ಯ ಸೋಂಕಿಗೆ ಮೊದಲು ಕೊಡೋವು), ವಾಚ್ (ಎಚ್ಚರಿಕೆಯಿಂದ ಬಳಸಬೇಕಾದವು), ರಿಸರ್ವ್ (ಬೇರೇನೂ ನಾಟದಾಗ ಕೊನೆಗೆ ಅಂತ ಇಟ್ಟವು) ಅಂತ ಮೂರು ಗುಂಪು. ಅಮಾಕ್ಸಿಸಿಲಿನ್ ಮೊದಲನೆಯದರಲ್ಲಿ, ಮೆರೊಪೆನೆಮ್ ಎರಡನೆಯದರಲ್ಲಿದೆ. 2030ರೊಳಗೆ ಜಗತ್ತಿನಲ್ಲಿ ಜನ ಬಳಸುವ ಆಂಟಿಬಯೋಟಿಕ್‌ನಲ್ಲಿ ಕನಿಷ್ಠ 70% ಅಕ್ಸೆಸ್ ಗುಂಪಿನದೇ ಇರಬೇಕು ಅಂತ 2024ರಲ್ಲಿ ವಿಶ್ವಸಂಸ್ಥೆಯಲ್ಲಿ ದೇಶಗಳು ಒಪ್ಪಿವೆ.

ನಾಳೆ ಡಾಕ್ಟರ್ ರೌಂಡ್ಸ್‌ಗೆ ಬಂದಾಗ ರಿಪೋರ್ಟ್ ತೋರಿಸಿ ಅಂತ ಕೇಳಿ, ಸಂಕೋಚ ಬೇಡ. ಜ್ವರ ಮತ್ತೆ ಏರಿದರೆ ಮಾತ್ರ ಅಲ್ಲಿಯವರೆಗೂ ಕಾಯಬೇಡಿ.