ನನ್ನ ನೋಡ್ ತಡೆದರೆ ಬಿಟ್‌ಕಾಯಿನ್ ಜಾಲವೂ ತಡೆದಂತೆಯೇ?

ಪ್ರಶ್ನೆ: ಮನೆಯ ಹಳೆಯ ಕಂಪ್ಯೂಟರಿನಲ್ಲಿ ಬಿಟ್‌ಕಾಯಿನ್ ನೋಡ್ (ವಹಿವಾಟುಗಳನ್ನು ಪರಿಶೀಲಿಸಿ ಜಾಲದ ಇತರ ಕಂಪ್ಯೂಟರುಗಳಿಗೆ ದಾಟಿಸುವ ತಂತ್ರಾಂಶ) ನಡೆಸುತ್ತಿದ್ದೇನೆ. ಚಿತ್ರ, ಬರಹಗಳನ್ನು ತುಂಬಿಕೊಂಡು ಬರುವ ವಹಿವಾಟುಗಳನ್ನು ತಡೆಯಲು ‘ಕೋರ್’ ತಂತ್ರಾಂಶ ಬಿಟ್ಟು ‘ನಾಟ್ಸ್’ ಹಾಕಿಕೊಳ್ಳಿ ಎಂದು ಗೆಳೆಯರು ಹೇಳುತ್ತಾರೆ. ಹಾಗೆ ಮಾಡಿದರೆ ಅವು ನಿಲ್ಲುತ್ತವೆಯೇ?

ಉತ್ತರ: ನಿಮ್ಮ ನೋಡ್‌ನಿಂದ ಮುಂದಕ್ಕೆ ಹೋಗುವುದು ನಿಲ್ಲುತ್ತದೆ, ಬ್ಲಾಕ್‌ಗೆ, ಅಂದರೆ ಶಾಶ್ವತ ದಾಖಲೆಗೆ ಹೋಗುವ ವಹಿವಾಟುಗಳ ಕಟ್ಟಿಗೆ, ಸೇರುವುದು ನಿಲ್ಲುವುದಿಲ್ಲ. ಯಾವ ವಹಿವಾಟು ಸಿಂಧು ಎಂಬ ಒಮ್ಮತದ ನಿಯಮ ಎಲ್ಲ ನೋಡ್‌ಗಳಿಗೂ ಒಂದೇ; ಸರದಿಯಲ್ಲಿ ಕಾಯುತ್ತಿರುವ ವಹಿವಾಟುಗಳಲ್ಲಿ ಯಾವುದನ್ನು ತನ್ನ ಮೆಂಪೂಲ್‌ನಲ್ಲಿ (ಕಾಯುವ ಪಟ್ಟಿಯಲ್ಲಿ) ಇಟ್ಟುಕೊಂಡು ನೆರೆಯ ನೋಡ್‌ಗಳಿಗೆ ದಾಟಿಸಬೇಕು ಎಂಬುದಷ್ಟೇ ನೋಡ್ ನಡೆಸುವವರ ಇಚ್ಛೆಗೆ ಬಿಟ್ಟದ್ದು, ಮತ್ತು ನಾಟ್ಸ್‌ನ ಫಿಲ್ಟರ್ ಕೆಲಸ ಮಾಡುವುದು ಅಲ್ಲಿ ಮಾತ್ರ. ನೀವು ತಡೆದದ್ದು ಬೇರೆ ದಾರಿಯಿಂದ, ಬ್ಲಾಕ್ ಕಟ್ಟುವ ಮೈನರ್‌ಗಳನ್ನು ತಲುಪಿ ಬ್ಲಾಕ್‌ನಲ್ಲಿ ಬಂದರೆ ನಿಮ್ಮ ನೋಡ್ ಅದನ್ನು ಒಪ್ಪಲೇಬೇಕು. ಕಾಣದೆ ಇದ್ದ ಆ ವಹಿವಾಟನ್ನು ನೆರೆಯವರಿಂದ ಕೇಳಿ ಪಡೆಯಬೇಕಾಗುವುದರಿಂದ ಬ್ಲಾಕ್ ದಾಟಿಸುವುದೂ ತಡವಾಗುತ್ತದೆ.

ಹಾಗೆಂದು ನಿಮ್ಮ ಗೆಳೆಯರ ದೂರು ಸುಳ್ಳಲ್ಲ. ವಹಿವಾಟಿನೊಳಗೆ ಚಿತ್ರ, ಬರಹ ತುಂಬುವ ‘ಆರ್ಡಿನಲ್ಸ್’ ವಿಧಾನ ಬಂದದ್ದು 2023ರ ಜನವರಿಯಲ್ಲಿ. ಮರುತಿಂಗಳೇ ಒಂದೇ ಒಂದು ಚಿತ್ರ ಸುಮಾರು 4 ಎಂಬಿಯ ಬ್ಲಾಕನ್ನು ಹೆಚ್ಚೂಕಡಿಮೆ ಇಡಿಯಾಗಿ ಆಕ್ರಮಿಸಿತು. ಸಹಿಗಳಿಗೆಂದು ಮೀಸಲಾದ ವಿಟ್ನೆಸ್ ಭಾಗದ ಬೈಟ್‌ಗಳಿಗೆ ಕಾಲುಭಾಗದ ತೂಕವಷ್ಟೇ ಲೆಕ್ಕಕ್ಕೆ ಬರುವುದರಿಂದ ಇಂಥ ದತ್ತಾಂಶ ಅಗ್ಗದಲ್ಲಿ ಒಳಸೇರುತ್ತದೆ. ಹಣ ಕಳಿಸಲು ಬಂದವರು ಇದರಿಂದ ಹೆಚ್ಚು ಶುಲ್ಕ ತೆರಬೇಕಾಗಿ ಬಂದದ್ದು ನ್ಯಾಯವಾದ ಬೇಸರವೇ.

2025ರ ಅಕ್ಟೋಬರಿನಲ್ಲಿ ಬಂದ ಕೋರ್ 30ನೇ ಆವೃತ್ತಿ, ಒಪಿ-ರಿಟರ್ನ್ (ವಹಿವಾಟಿನಲ್ಲಿ ಟಿಪ್ಪಣಿಯಂತೆ ದತ್ತಾಂಶ ಸೇರಿಸುವ ಜಾಗ) ದತ್ತಾಂಶಕ್ಕಿದ್ದ ಸುಮಾರು 80 ಬೈಟ್‌ಗಳ ಪೂರ್ವನಿಗದಿತ ಮಿತಿಯನ್ನು 1,00,000 ಬೈಟ್‌ಗಳಿಗೆ ಏರಿಸಿದ್ದರಿಂದ ಜಗಳ ತೀವ್ರವಾಯಿತು. ಇಲ್ಲಿ ಕೋರ್ ಪಕ್ಷದ ಒಂದು ವಾದ ನನಗೆ ತೂಕದ್ದೆನಿಸುತ್ತದೆ. ಒಪಿ-ರಿಟರ್ನ್ ದಾರಿ ಮುಚ್ಚಿದರೆ ಕೆಲವರು ದತ್ತಾಂಶವನ್ನು ಸುಳ್ಳು ವಿಳಾಸಗಳ ವೇಷದಲ್ಲಿ ಅಡಗಿಸುತ್ತಾರೆ. ಅವು ಎಂದೂ ಖರ್ಚಾಗದ ನಾಣ್ಯಗಳೆಂದು ಯಾರಿಗೂ ಖಚಿತವಾಗಿ ತಿಳಿಯದ ಕಾರಣ ಪ್ರತಿಯೊಂದು ನೋಡೂ ಅವುಗಳನ್ನು ಯುಟಿಎಕ್ಸ್‌ಒ ಪಟ್ಟಿಯಲ್ಲಿ (ಇನ್ನೂ ಖರ್ಚಾಗದ ನಾಣ್ಯಗಳ ಪಟ್ಟಿ) ಇಟ್ಟುಕೊಂಡೇ ಇರಬೇಕಾಗುತ್ತದೆ. ಒಪಿ-ರಿಟರ್ನ್‌ಗೆ ಆ ಪಟ್ಟಿಯಲ್ಲಿ ಜಾಗವೇ ಬೇಕಿಲ್ಲ.

ನಿಮ್ಮಂಥ ಹಳೆಯ ಯಂತ್ರಕ್ಕೆ ಈ ವ್ಯತ್ಯಾಸ ದೊಡ್ಡದು. ‘ಪ್ರೂನ್’ ಆಯ್ಕೆಯಿಂದ ಹಳೆಯ ಬ್ಲಾಕ್‌ಗಳನ್ನು ಅಳಿಸಿ ಡಿಸ್ಕ್ ಉಳಿಸಬಹುದು, ಯುಟಿಎಕ್ಸ್‌ಒ ಪಟ್ಟಿಯನ್ನು ಅಳಿಸಲಾಗದು. ನಿಮ್ಮ ಬ್ಯಾಂಡ್‌ವಿಡ್ತ್‌ನಲ್ಲಿ ಏನು ಸಾಗಬೇಕೆಂಬುದು ನಿಮ್ಮ ಹಕ್ಕು, ಆದ್ದರಿಂದ ನಾಟ್ಸ್ ಹಾಕುವುದು ತಪ್ಪಲ್ಲ. ಡಿಸ್ಕ್ ತುಂಬುತ್ತಿದೆಯೆಂಬ ಚಿಂತೆಗೆ ಮಾತ್ರ ಮೊದಲು ಪ್ರೂನ್ ಆಯ್ಕೆಯನ್ನು ಬಳಸಿ; ಅದು ಎರಡೂ ತಂತ್ರಾಂಶಗಳಲ್ಲಿದೆ.