ಕ್ಯಾಸೆಟ್ಟಿನ ಕೊನೆಯ ಆ ಕಿರುಚಾಟ ಅಳಿಸಬೇಡಿ

ಮಾವ 1984ರಲ್ಲಿ ಲಂಡನ್ನಿನಿಂದ ತಂದ ಕ್ಯಾಸೆಟ್‌ನಲ್ಲಿ ಹಾಡು ಮುಗಿದ ಮೇಲೆ "ಪೀಂ" ಅಂತ ಶುರುವಾಗಿ ಕರ್ಕಶವಾಗಿ ಕಿರುಚುತ್ತದೆ, ಟೇಪು ಹಾಳಾಗಿದೆಯೇ ಎಂದು ಕೇಳಿದ್ದೀರಿ. ಹಾಳಾದ ಟೇಪು ಹಾಗೆ ಕೂಗುವುದಿಲ್ಲ ಸ್ವಾಮಿ. ನೀವು ಹೇಳಿದ ಲಕ್ಷಣ ನೋಡಿದರೆ ಅದು ಝಡ್‌ಎಕ್ಸ್ ಸ್ಪೆಕ್ಟ್ರಮ್ (ಆ ಕಾಲದ ಬ್ರಿಟಿಷ್ ಮನೆ ಕಂಪ್ಯೂಟರ್) ಪ್ರೋಗ್ರಾಮ್ ಇರಬೇಕು. ಆಗ ಬ್ರಿಟನ್‌ನಲ್ಲಿ ಪ್ರೋಗ್ರಾಮುಗಳು ಮಾರಾಟವಾಗುತ್ತಿದ್ದದ್ದೇ ಮಾಮೂಲಿ ಆಡಿಯೊ ಕ್ಯಾಸೆಟ್‌ನಲ್ಲಿ. ಹಾಡಿನ ಜೊತೆ ಕೋಡ್ ಸೇರಿಸಿದವರೂ ಇದ್ದರು. ಹಾಲೆಂಡಿನಲ್ಲಂತೂ ರೇಡಿಯೊದಲ್ಲೇ ಬಿತ್ತರಿಸುತ್ತಿದ್ದರು, ಜನ ಟೇಪಿಗೆ ಹಿಡಿದುಕೊಳ್ಳುತ್ತಿದ್ದರು!

ಖಾತ್ರಿ ಮಾಡಿಕೊಳ್ಳಲು ಕಿವಿಯೇ ಸಾಕು. ಸುಮಾರು 5 ಸೆಕೆಂಡು ಒಂದೇ ಶ್ರುತಿಯ ಪೀಂ (800 ಹರ್ಟ್ಸ್ ಆಸುಪಾಸು), ಆಮೇಲೆ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವ "ಚರ್ರ್", ಸ್ವಲ್ಪ ಮೌನ, ಮತ್ತೆ 2 ಸೆಕೆಂಡು ಪೀಂ, ನಂತರ ಉದ್ದದ ಗದ್ದಲ. ಆ ಪುಟ್ಟ ಚರ್ರ್ ಇದೆಯಲ್ಲ, ಅದೇ ಹೆಡರ್, ಅಂದರೆ ಪ್ರೋಗ್ರಾಮಿನ ಪರಿಚಯ ಚೀಟಿ: ಬರೀ 19 ಬೈಟು, ಅದರಲ್ಲಿ 10 ಅಕ್ಷರದ ಹೆಸರು. ಕಂಪ್ಯೂಟರಿನ ಸೊನ್ನೆ-ಒಂದುಗಳೇ ಇಲ್ಲಿ ಸದ್ದಾಗಿವೆ: ಸೊನ್ನೆಯ ಅಲೆ ಗಿಡ್ಡ, ಒಂದರದ್ದು ಅದರ ಎರಡು ಪಟ್ಟು ಉದ್ದ.

ಡೆಕ್ಕಿನಲ್ಲಿ ಡಾಲ್ಬಿ (ಟೇಪಿನ ಹಿಸ್ ಸದ್ದು ತಗ್ಗಿಸುವ ಸೌಲಭ್ಯ) ಆಫ್ ಮಾಡಿ, ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ 44100 ಹರ್ಟ್ಸ್‌ಗೆ ರೆಕಾರ್ಡ್ ಮಾಡಿ, ವೇವ್ (WAV) ಫೈಲಾಗಿಯೇ ಉಳಿಸಿ. ನಾನು ಒಮ್ಮೆ ಜಾಣತನ ತೋರಿಸಲು ಹೋಗಿ ನಾಯ್ಸ್ ರಿಡಕ್ಷನ್ ಹಾಕಿ ಡೇಟಾವನ್ನೇ ತೊಳೆದುಬಿಟ್ಟಿದ್ದೆ. ಸದ್ದು ಮಂಕಾಗಿದ್ದರೆ ಡೆಕ್ಕಿನಲ್ಲಿ ಟೇಪನ್ನು ಓದುವ ಹೆಡ್ಡಿನ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ನೋಡಿ.

ನಂತರ ಪರಿವರ್ತಕ ಸಾಫ್ಟ್‌ವೇರ್‌ನಿಂದ ಆ ಸದ್ದನ್ನು ಟ್ಯಾಪ್ (TAP) ಫೈಲ್, ಅಂದರೆ ಪ್ರೋಗ್ರಾಮಿನ ಬೈಟುಗಳ ಫೈಲ್ ಮಾಡಿ, ಫ್ಯೂಸ್ ಎಮ್ಯುಲೇಟರಿನಲ್ಲಿ (ಈಗಿನ ಕಂಪ್ಯೂಟರಿನಲ್ಲಿ ಸ್ಪೆಕ್ಟ್ರಮ್‌ನಂತೆ ನಟಿಸುವ ಸಾಫ್ಟ್‌ವೇರ್) ಲೋಡ್ ಮಾಡಿ. ಫೈಲಿನ ಒಂದೊಂದು ಬೈಟನ್ನೂ ತೋರಿಸುವ ಹೆಕ್ಸ್ ವ್ಯೂವರ್‌ನಲ್ಲೂ ಒಮ್ಮೆ ತೆರೆಯಿರಿ, ಪರದೆ ಮೇಲೆ ಬಾರದ ಸಾಲುಗಳು ಅಲ್ಲಿ ಸಿಗಬಹುದು. ಹೆಡರಿನಲ್ಲಿ ಏನು ಹೆಸರಿತ್ತು ಅಂತ ಇಲ್ಲೇ ತಿಳಿಸಿ.