ಬಿ.ಇ. ಸಾಕೇ, ಎಂ.ಟೆಕ್. ಬೇಕೇ?

ಹರಿಹರದ ಕಾರ್ಖಾನೆಯಲ್ಲಿ ಎಂಟು ವರ್ಷ ದುಡಿದಿದ್ದೇನೆ, ಬಿ.ಇ. ಮಾತ್ರ ಇದೆ, ದಾವಣಗೆರೆಯಲ್ಲಿ ಬೋಧಕನಾಗಬಹುದೇ ಎಂದು ಕೇಳಿದ್ದೀರಿ. ಪಾಲಿಟೆಕ್ನಿಕ್ ಆದರೆ ಪ್ರಥಮ ದರ್ಜೆಯ ಬಿ.ಇ. ಸಾಕು. ಯು.ಬಿ.ಡಿ.ಟಿ.ಯಂಥ ಎಂಜಿನಿಯರಿಂಗ್ ಕಾಲೇಜಿಗೆ ಎಂ.ಟೆಕ್. ಬೇಕೇ ಬೇಕು, ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇಯ 2019ರ ನಿಯಮದಂತೆ ಬಿ.ಇ., ಎಂ.ಟೆಕ್. ಎರಡರಲ್ಲೊಂದಾದರೂ ಪ್ರಥಮ ದರ್ಜೆಯಾಗಿರಬೇಕು. ಅಂಥ ಕಾಲೇಜಿನಲ್ಲಿ ಆರಂಭಿಕ ಮೂಲವೇತನ 57,700 ರೂಪಾಯಿ ಎಂದು ನಿಯಮದಲ್ಲಿದೆ. ಖಾಸಗಿಯವರು ಎಷ್ಟು ಕೊಡುತ್ತಾರೆಂದು ಒಳಗಿರುವವರನ್ನೇ ವಿಚಾರಿಸಿ.

ನಾನೂ ಲೇತ್ ಬಿಟ್ಟು ಸೀಮೆಸುಣ್ಣ ಹಿಡಿದವನೇ. ಟಾಲರೆನ್ಸ್, ಅಂದರೆ ಅಳತೆಯಲ್ಲಿ ಎಷ್ಟು ವ್ಯತ್ಯಾಸ ಒಪ್ಪಬಹುದು ಎಂಬ ಪಾಠಕ್ಕೆ ತಿರಸ್ಕೃತವಾದ ಶಾಫ್ಟ್ ಒಂದನ್ನು ಒಯ್ದು ಹುಡುಗರ ಕೈಗೇ ಮೈಕ್ರೋಮೀಟರ್ ಕೊಟ್ಟೆ. 25 ಮಿ.ಮೀ. ಇರಬೇಕಾದಲ್ಲಿ 25.04 ಬಂತು. "ಇಷ್ಟಕ್ಕೇ ಎಸೆಯುತ್ತಾರೆಯೇ ಸರ್?" ಎಂದರು. ಬೇರಿಂಗ್ ಕೊಟ್ಟು ಕೂರಿಸಲು ಹೇಳಿದೆ, ಕೂರಲಿಲ್ಲ.

ಕೆಲಸ ಬಿಡುವ ಮೊದಲು ಅನುಭವ ಪತ್ರ ಪಡೆಯಿರಿ. ಅಂಥ ಒಂದೆರಡು ಬಿಡಿಭಾಗಗಳನ್ನೂ ಕೇಳಿ ತನ್ನಿ.